ಹಿಂದಿನ ಮನೆಯಾಕೆ ಏನಂತಾಳೆ?



ಹೊನ್ನಾವರದಿಂದ ಒಬ್ಬ ಓದುಗ ಸೋದರಿ ಬರೆದ ಪತ್ರ ಹತ್ತು ದಿನದಿಂದ ನನ್ನ ಸಾಸಿವೆ ಡಬ್ಬಿಯ ಕೆಳಗೆ ಕೂತಿದೆ. ಒಗ್ಗರಣೆಗೆಂದು ಡಬ್ಬಿ ಎತ್ತಿದಾಗಲೆಲ್ಲ "ಉತ್ತರ ಯಾವಾಗ?" ಎಂದು ಕೇಳಿದ ಹಾಗಾಗುತ್ತದೆ. ಅದಕ್ಕೇ ಈ ಸಲ ಬೇರೆಲ್ಲ ಬದಿಗಿಟ್ಟು ಆ ಮಾತು.

ಅವರ ಯಜಮಾನರು ನಿವೃತ್ತರು. ಮನೆಯ ಮಾಳಿಗೆಗೆ ಹೊರಗಿನಿಂದ ಬೇರೆ ಮೆಟ್ಟಿಲು ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಮಗಳ ಓದಿನ ಖರ್ಚು ಆ ಬಾಡಿಗೆಯಿಂದಲೇ ನಡೆಯಬೇಕು. ಈಗ ಬಿಡಾರ ಖಾಲಿಯಾಗಿದೆ, ಕುಮಟೆಯಿಂದ ಒಂದು ಸಂಸಾರ ಬಂದು ನೋಡಿಕೊಂಡು ಹೋಗಿದೆ. ಗಂಡ, ಹೆಂಡತಿ, ಎರಡು ಮಕ್ಕಳು. "ಈಗಿರುವ ಮನೆಯವರ ಫೋನ್ ನಂಬರನ್ನು ಕೇಳುವ ಮೊದಲೇ ಕೊಟ್ಟರು ಅಕ್ಕ. ನಮ್ಮನೆಯವರು 'ನೀನೇ ಮಾತಾಡು' ಅಂತಾರೆ. ನನಗೋ ಬಹಳ ಸಂಕೋಚ. ಗುರುತಿಲ್ಲದವರಿಗೆ ಫೋನ್ ಮಾಡಿ, ಅವರು ಒಳ್ಳೆಯವರಾ ಅಂತ ಹ್ಯಾಂಗೆ ಕೇಳೂದು?"

ಫೋನ್ ಮಾಡಿ ತಂಗೀ, ಮಾಡಲೇಬೇಕು. ಆದರೆ "ಅವರು ಒಳ್ಳೆಯವರಾ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಂಥ ಉತ್ತರ ಸಿಗುತ್ತದೆ ಎಂದು ನನಗೆ ಗೊತ್ತು. ಅದನ್ನು ಕೊಟ್ಟವಳು ನಾನೇ.

ಇದನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. 2011ರ ಮಾತು. ಕುಮಟೆಯ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಒಂದು ಸಂಸಾರಕ್ಕೆ ಕೊಟ್ಟಿದ್ದೆವು. ಬಾಡಿಗೆ 2,500 ರೂಪಾಯಿ. ಮೊದಲ ಮೂರು ತಿಂಗಳು ಹೇಳಿದ ದಿನಕ್ಕೆ ಬಂತು. ಆಮೇಲೆ "ನಾಳೆ ಕೊಡ್ತೆ ಅಕ್ಕ" ಶುರುವಾಯಿತು. ಆತ ಮಾತಿನಲ್ಲಿ ಜೇನು. ಹಬ್ಬಕ್ಕೆ ಬಂದು ಕಾಲಿಗೆ ನಮಸ್ಕಾರ ಮಾಡುವವನ ಹತ್ತಿರ ಬಾಡಿಗೆ ಕೇಳಲು ನಮ್ಮ ಯಜಮಾನರಿಗೆ ಬಾಯಿ ಬರುತ್ತಿರಲಿಲ್ಲ. ಹೀಗೆ ಐದು ತಿಂಗಳ ಬಾಕಿ ಏರಿ, ಡಿಪಾಜಿಟ್ಟೂ ಅದರಲ್ಲೇ ಕರಗಿತು. ಒಂದು ದಿನ ಮಧ್ಯಾಹ್ನ ಭಟ್ಕಳದಿಂದ ಫೋನು. ಹೆಂಗಸಿನ ದನಿ, ಬಹಳ ಅಂಜಿಕೆಯ ದನಿ. "ನಿಮ್ಮ ಬಿಡಾರದವರು ನಮ್ಮಲ್ಲಿ ಮನೆ ಕೇಳಿದ್ದಾರೆ. ಹ್ಯಾಗೆ, ಒಳ್ಳೆ ಜನವಾ?"

ನಾನು ಒಂದು ಗಳಿಗೆಯೂ ತಡೆಯಲಿಲ್ಲ. "ಬಹಳ ಒಳ್ಳೆ ಜನ. ಹೋಗ್ತಾರಲ್ಲ ಅಂತ ನಮಗೇ ಬೇಜಾರು" ಅಂದುಬಿಟ್ಟೆ. ಬಾಕಿ ಹೋದರೆ ಹೋಗಲಿ, ಮನೆಯೊಂದು ಬಿಟ್ಟರೆ ಸಾಕು ಅನ್ನಿಸಿತ್ತು. ಮರುವಾರ ಟೆಂಪೋ ಬಂತು, ಅವರು ಹೋದರು. ಆ ರಾತ್ರಿ ನಮ್ಮ ಮನೆಯಲ್ಲಿ ಪಾಯಸ ಮಾಡಿದೆ ಅಂದರೆ ನಂಬುತ್ತೀರಾ?

ಒಂದೂವರೆ ವರ್ಷದ ಮೇಲೆ ಹೊನ್ನಾವರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹೆಂಗಸು ಭಟ್ಕಳದವಳು. ಮಾತಿಗೆ ಮಾತು ಬೆಳೆದು ನಮ್ಮ ಬೀದಿ, ನಮ್ಮ ಮನೆ ಎಂದು ಹೇಳುತ್ತಿದ್ದಂತೆ ಅವಳ ಕೈ ಎಲೆಯ ಮೇಲೆಯೇ ನಿಂತಿತು. "ಹಾಗಾದರೆ ಫೋನಿನಲ್ಲಿ ಮಾತಾಡಿದವರು ನೀವೇ" ಅಂದಳು. ಸಿಟ್ಟಿಲ್ಲ, ಬೈಗುಳವಿಲ್ಲ. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆಯೊಂದೇ ಅವಳ ಆದಾಯವಂತೆ. ಒಂಬತ್ತು ತಿಂಗಳು ಬಾಡಿಗೆ ಬರಲಿಲ್ಲ. ಕರೆಂಟು ಬಿಲ್ಲು ಕಟ್ಟದೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತ. ಮೀಟರು ಅವಳ ಹೆಸರಿನಲ್ಲಿದ್ದುದರಿಂದ ಅದನ್ನೂ ಅವಳೇ ಕಟ್ಟಬೇಕಾಯಿತು. ಮಗಳ ಕಾಲೇಜಿನ ಫೀಜಿಗೆ ಕೈಬಳೆ ಸೊಸೈಟಿಯಲ್ಲಿ ಅಡವು ಇಟ್ಟಳು. "ನೀವು ಒಳ್ಳೆ ಜನ ಅಂದ್ರಿ ಅಂತಲೇ ಕೊಟ್ಟೆ ಅಕ್ಕ" ಅಂದು ಸಾರಿನ ಅನ್ನ ಕಲಸತೊಡಗಿದಳು.

ಆ ದಿನ ನನ್ನ ಗಂಟಲಿನಲ್ಲಿ ಹೋಳಿಗೆ ಇಳಿಯಲಿಲ್ಲ. ಅವಳ ಮಗಳ ಫೀಜಿನ ಒಂದು ಕಂತನ್ನು ಆಮೇಲೆ ಕಳಿಸಿದೆ, ಅವಳು ಬೇಡವೆಂದರೂ ಕಳಿಸಿದೆ. ಅದರಿಂದ ನನ್ನ ಮಾತು ವಾಪಸು ಬಂತೇ?

ಹಾಗಾಗಿ ಹೊನ್ನಾವರದ ಸೋದರಿಗೆ ನಾನು ಹೇಳುವ ಮೊದಲ ಮಾತು ಇದು. ಈಗಿರುವ ಮನೆಯವರ ಮಾತನ್ನು ಕೇಳಿ, ಆದರೆ ಅದರ ಮೇಲೆಯೇ ನಿಲ್ಲಬೇಡಿ. ಹೊರಗೆ ಹೋದರೆ ಸಾಕು ಎನ್ನುವವರು ಹೊಗಳುತ್ತಾರೆ, ಹೋಗಬಾರದು ಎನ್ನುವವರು ಕೆಲವು ಸಲ ತೆಗಳುತ್ತಾರೆ. ಎರಡರಲ್ಲೂ ಅವರ ಸ್ವಂತ ಲೆಕ್ಕ ಇರುತ್ತದೆ. ಅದಕ್ಕೂ ಹಿಂದಿನ ಮನೆ ಯಾವುದು ಎಂದು ಕೇಳಿ. ಆ ಮನೆಯಾಕೆಗೆ ಈಗ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಿಜ ಅವಳ ಹತ್ತಿರ ಇರುತ್ತದೆ. ಬಿಡಾರ ಕೇಳಲು ಬಂದವರು ಎರಡು ಮನೆಗಳ ವಿಳಾಸ ಕೊಡಲು ಹಿಂದೆ ಮುಂದೆ ನೋಡಿದರೆ ಯಾಕೆಂದು ಸಮಾಧಾನದಿಂದ ಕೇಳಿ.

ನಮ್ಮ ಅತ್ತೆಯ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಮನೆ ಕೇಳಲು ಬಂದವನ ಅಜ್ಜನ ಹೆಸರು ಕೇಳಿದರೆ ಮುಗಿಯಿತು, ಉಳಿದದ್ದು ಅತ್ತೆಗೇ ಗೊತ್ತಿರುತ್ತಿತ್ತು. ತೊಂಬತ್ತರ ದಶಕದಲ್ಲಿ ಕೊಂಕಣ ರೈಲ್ವೆಯ ಕೆಲಸ ಶುರುವಾಯಿತು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಎದ್ದಿತು, ಎಲ್ಲಿಂದಲೋ ಬಂದ ಇಂಜಿನಿಯರರು, ಮೇಸ್ತ್ರಿಗಳು ಬಿಡಾರ ಹುಡುಕತೊಡಗಿದರು. 1998ರ ಜನವರಿಯಲ್ಲಿ ಇಡೀ ದಾರಿ ತೆರೆದು ರೈಲು ಓಡಿದ ಮೇಲೆ ಕೇಳಬೇಕೇ. ಆಮೇಲೆ ಹೆದ್ದಾರಿ ಅಗಲ ಮಾಡಲು ಬಂದವರು, ವರ್ಗವಾಗಿ ಬರುವ ಬ್ಯಾಂಕಿನವರು, ಅಕ್ಕೋರು, ಮಾಸ್ತರರು, ಆಸ್ಪತ್ರೆಯ ನರ್ಸುಗಳು. ಇವರ ಅಜ್ಜನ ಹೆಸರು ಕೇಳಿ ನಾವೇನು ಮಾಡೂದು? ಹಾಗೆಂದು ಕೆಲವರು ಅಜ್ಜನ ಬದಲು ಜಾತಿ ಕೇಳುತ್ತಾರೆ, "ಯಾವ ಮಂದಿ?" ಎನ್ನುತ್ತಾರೆ. ಕುಮಟೆಯಲ್ಲೂ ಕೇಳುತ್ತಾರೆ, ಭಟ್ಕಳದಲ್ಲೂ ಕೇಳುತ್ತಾರೆ. ನನಗೆ ಮೋಸ ಮಾಡಿದವನು ನಮ್ಮ ಪೈಕಿಯೇ, ಇಷ್ಟು ಹೇಳಿದರೆ ಸಾಕಲ್ಲವೇ.

ಈಗ ಫೋನಿನ ಮಾತಿಗೆ ಬರೋಣ. ಮೊದಲು, ಬಂದವರಿಗೇ ತಿಳಿಸಿ: "ನಿಮ್ಮ ಹಿಂದಿನ ಮನೆಯವರ ಹತ್ತಿರ ಒಂದು ಮಾತು ಕೇಳ್ತೇನೆ, ಆಗಬಹುದಲ್ಲ?" ಮರೆಯಲ್ಲಿ ವಿಚಾರಿಸಿದರೆ ಊರಲ್ಲಿ ಅದೇ ಒಂದು ಕತೆಯಾಗುತ್ತದೆ. ಮಧ್ಯಾಹ್ನ ಊಟ ಮುಗಿದು ಪಾತ್ರೆ ತೊಳೆದಾದ ಮೇಲಿನ ಹೊತ್ತು ಒಳ್ಳೆಯದು. ಬೆಳಿಗ್ಗೆ ಮಾಡಿದರೆ ಆ ಕಡೆಯವರ ಒಲೆಯ ಮೇಲೆ ದೋಸೆ ಇರುತ್ತದೆ, ಮಾತು ಮೊಟಕಾಗುತ್ತದೆ. ಯಜಮಾನರ ಜೊತೆ ಮಾತಾಡಿದರೂ, "ಮನೆಯಲ್ಲಿ ಅಕ್ಕ ಇದ್ದಾರಾ, ಒಂದು ನಿಮಿಷ" ಎಂದು ಕೇಳಿ. ಬಾಡಿಗೆ ತೆಗೆದುಕೊಳ್ಳುವವರು ಗಂಡಸರಾದರೂ ಬಾವಿಕಟ್ಟೆ ಕಂಡವರು ಹೆಂಗಸರು.

ಫೋನ್ ಎತ್ತಿದವರು ನಿಜವಾಗಿ ಮನೆಯ ಮಾಲಕರೇ ಎಂದು ತಿಳಿಯುವುದು ಹೇಗೆ? ಸ್ನೇಹಿತನನ್ನೋ ಭಾವನನ್ನೋ ಮಾಲಕ ಎಂದು ನಿಲ್ಲಿಸುವವರೂ ಇದ್ದಾರೆ. ಇದಕ್ಕೆ ಒಂದು ಉಪಾಯ, ನೀವಾಗಿ ಏನನ್ನೂ ಹೇಳದಿರುವುದು. "ಅವರು ನಿಮ್ಮಲ್ಲಿ ಎರಡು ವರ್ಷ ಇದ್ದರಂತೆ, ಬಾಡಿಗೆ ನಾಲ್ಕು ಸಾವಿರವಂತೆ, ಹೌದಾ?" ಎಂದರೆ ಯಾರೂ "ಹೌದು" ಎನ್ನುತ್ತಾರೆ. "ಯಾವ ತಿಂಗಳಲ್ಲಿ ಬಂದರು? ಬಾಡಿಗೆ ಎಷ್ಟಿತ್ತು? ಮನೆಯಲ್ಲಿ ಎಷ್ಟು ಜನ ಇದ್ದರು?" ಎಂದು ಕೇಳಿ ಸುಮ್ಮನಿರಿ. ಬಂದವರು ಹೇಳಿದ ಲೆಕ್ಕಕ್ಕೆ ಇದು ತಾಳೆಯಾಗಬೇಕು. ಆ ಮನೆಯ ಹಳೆಯ ಹೆಸ್ಕಾಂ ಬಿಲ್ಲು ಒಂದನ್ನು ತೋರಿಸಲು ಬಂದವರಿಗೇ ಹೇಳಿದರೂ ಆದೀತು, ಮೀಟರು ಯಾರ ಹೆಸರಿನಲ್ಲಿದೆ ಎಂದು ಅದರಲ್ಲಿ ಇರುತ್ತದೆ. ಮಾಲಕರ ತಂದೆಯ ಹೆಸರಿನಲ್ಲೇ ಉಳಿದಿರುವುದೂ ಉಂಟು, ಅದಕ್ಕಾಗಿ ಗಾಬರಿ ಬೇಡ.

ಭಟ್ಕಳದ ಕಡೆಯ ಮನೆಯಾದರೆ ಇನ್ನೊಂದು ತೊಡಕು. ಅಲ್ಲಿ ಎಷ್ಟೋ ಮನೆಗಳ ಯಜಮಾನರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ, ಬೀಗದ ಕೈ ನೋಡಿಕೊಳ್ಳುವವರ ಹತ್ತಿರ ಇರುತ್ತದೆ. ನೋಡಿಕೊಳ್ಳುವವರ ಮಾತೂ ಬೇಕು, ಮಾಲಕರ ಮಾತೂ ಬೇಕು. ಈಗ ವಾಟ್ಸಾಪ್ ಇದೆ, ಅವರಿಗೆ ಬಿಡುವಾದಾಗ ಉತ್ತರ ಕೊಡುತ್ತಾರೆ.

ಕೇಳಬೇಕಾದದ್ದು ಗುಣವಲ್ಲ, ನಡೆದ ಸಂಗತಿ. ಬಾಡಿಗೆ ಎಷ್ಟನೇ ತಾರೀಕಿಗೆ ಬರುತ್ತಿತ್ತು? ತಡವಾದಾಗ ಅವರಾಗಿ ಬಂದು ಹೇಳಿದರೋ, ನೀವೇ ಕೇಳಬೇಕಾಯಿತೋ? ಈ ಎರಡನೆಯದು ಬಹಳ ಮುಖ್ಯ. ತಡವಾಗುವುದು ಯಾರಿಗೂ ಬಂದದ್ದೇ, ನಮ್ಮ ಮನೆಯಲ್ಲೂ ಸಾಲದ ಕಂತು ತಡವಾಗಿಲ್ಲವೇ? ಬಂದು ಹೇಳುವವರನ್ನು ನಂಬಬಹುದು. ಮಳೆಗಾಲದಲ್ಲಿ ಹಂಚು ಜಾರಿ ನೀರು ಸೋರಿದಾಗ ಕೂಡಲೇ ತಿಳಿಸಿದರೋ, ಪಕಾಸು ಲಡ್ಡಾಗುವ ತನಕ ಕೆಳಗೆ ಬೋಗುಣಿ ಇಟ್ಟುಕೊಂಡು ಕೂತರೋ? ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ನೀರು ತಳ ಕಂಡಾಗ ಪಂಪಿನ ವಿಷಯದಲ್ಲಿ ಹೇಗೆ ಹೊಂದಿಕೊಂಡರು? ಕರಾವಳಿಯಲ್ಲಿ ಮಾಲಕರಿಗೂ ಬಿಡಾರದವರಿಗೂ ಅರ್ಧ ಜಗಳ ಈ ಬಾವಿಯ ನೀರಿನದ್ದೇ.

ಮತ್ತೆ ಒಂದು ಪ್ರಶ್ನೆ, ನಾನು ಎಂದೂ ಬಿಡದ ಪ್ರಶ್ನೆ: "ಡಿಪಾಜಿಟ್ ಎಷ್ಟು ತಿರುಗಿ ಕೊಟ್ಟಿರಿ?" ಪೂರ್ತಿ ಕೊಟ್ಟೆವು ಎಂದರೆ ಉಳಿದ ಪ್ರಶ್ನೆ ಕೇಳುವುದೇ ಬೇಡ. ಹಿಡಿದುಕೊಂಡೆವು ಎಂದರೆ ಯಾವುದಕ್ಕೆ ಎಂದು ಕೇಳಿ. ಸುಣ್ಣ-ಬಣ್ಣಕ್ಕೋ, ಬಾಕಿಗೋ, ಮುರಿದ ನಲ್ಲಿಗೋ? ಇದಕ್ಕೆ ಹಾರಿಕೆಯ ಉತ್ತರ ಬಂದರೆ ತಪ್ಪು ಬಿಡಾರದವರದ್ದೇ ಎಂದು ತಿಳಿಯಬೇಡಿ, ಮಾಲಕರದ್ದೂ ಇದ್ದೀತು. ಕೊನೆಗೆ, "ಅವರೇ ತಿರುಗಿ ಬಂದು ಕೇಳಿದರೆ ಮನೆ ಕೊಡ್ತೀರಾ?" ಇದನ್ನು ಕೇಳಿ ಆ ಕಡೆ ಎಷ್ಟು ಹೊತ್ತು ಮೌನ ಎಂದು ನೋಡಿ. ನನ್ನನ್ನು ಆ ಭಟ್ಕಳದಾಕೆ ಹೀಗೆ ಕೇಳಿದ್ದರೆ ಸುಳ್ಳು ಹೇಳಲು ನನಗೂ ಬಾಯಿ ತೊದಲುತ್ತಿತ್ತು.

ಇಷ್ಟರಿಂದ ಸಮಾಧಾನವಾಗದಿದ್ದರೆ ಬಸ್ಸು ಹತ್ತಿ. ಹೊನ್ನಾವರದಿಂದ ಕುಮಟೆಗೆ ಸುಮಾರು 20 ಕಿಲೋಮೀಟರು, ಭಟ್ಕಳಕ್ಕೆ ಅದರ ಎರಡು ಪಾಲು. ಬಂದವರು ಈಗಿರುವ ಮನೆಯನ್ನು "ನೋಡಿಕೊಂಡು ಹೋಗುವಾ ಅಂತ ಬಂದೆ" ಎಂದು ಹೋಗಿ ಒಂದು ಲೋಟ ಕೋಕಂ ಪಾನಕ ಕುಡಿದು ಬನ್ನಿ. ಅಡಿಗೆಮನೆಯ ಕಟ್ಟೆ, ಬಚ್ಚಲಿನ ನೀರು ಹೋಗುವ ಬಾಯಿ, ಗೋಡೆಯ ಮೊಳೆ, ಇವು ಫೋನಿನಲ್ಲಿ ಕಾಣುವುದಿಲ್ಲ. ದಿನಸಿ ಅಂಗಡಿಯವನ ಹತ್ತಿರ ಅವರ ಉದ್ರಿ ಕೇಳುವುದು ಮಾತ್ರ ಬೇಡ, ಅದು ನಮ್ಮ ಕೆಲಸವಲ್ಲ.

ಈಗ ಇನ್ನೊಂದು ಬದಿ. ಇದನ್ನು ಹೇಳದಿದ್ದರೆ ನನ್ನ ಮಾತು ಕೇಳಿ ನೀವು ಯಾರಿಗಾದರೂ ಅನ್ಯಾಯ ಮಾಡಿಬಿಟ್ಟೀರಿ. ಮೂರು ವರ್ಷದ ಹಿಂದೆ ನಮ್ಮ ಅದೇ ಹಿಂಬದಿಯ ಕೋಣೆಗಳನ್ನು ಕೇಳಲು ಒಬ್ಬ ನರ್ಸ್ ಬಂದಳು. ಸಣ್ಣ ಮಗು, ಜೊತೆಗೆ ತಾಯಿ. ಗಂಡನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನ ಮನೆಗೆ ಫೋನ್ ಮಾಡಿದೆ. ಅಲ್ಲಿಯ ಯಜಮಾನರು, "ಅದು ಸರಿ ಹೆಂಗಸಲ್ಲ ಬಾಯಿ, ನೀವು ಸಂಸಾರಸ್ಥರು, ಯಾಕೆ ಸುಮ್ಮನೆ" ಅಂದರು. ಹಳೆಯ ನಾನಾಗಿದ್ದರೆ ಅಲ್ಲಿಗೇ ಫೋನ್ ಇಡುತ್ತಿದ್ದೆ.

"ಬಾಡಿಗೆ ಹ್ಯಾಗೆ ಕೊಡ್ತಿದ್ದಳು?"

"ಬಾಡಿಗೆ ಮಾತ್ರ ಒಂದನೇ ತಾರೀಕಿಗೆ ಬರ್ತಿತ್ತು."

"ಮನೆ ಹಾಳು ಮಾಡಿದಳಾ?"

"ಹಾಗೇನಿಲ್ಲ."

"ಮತ್ತೆ ಎಂತ ತಪ್ಪು?"

"ಹೊತ್ತಲ್ಲದ ಹೊತ್ತಿಗೆ ಬರೂದು, ಹೋಗೂದು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಗಾಡಿ ಬಾಗಿಲಿಗೆ ಬರ್ತದೆ."

ರಾತ್ರಿ ಪಾಳಿಯ ನರ್ಸನ್ನು ಆಸ್ಪತ್ರೆಯ ಗಾಡಿ ಬಿಡದೆ ಪುಷ್ಪಕ ವಿಮಾನ ಬಿಡುತ್ತದೆಯೇ! "ಡಿಪಾಜಿಟ್ ಕೊಟ್ಟಿರಾ?" ಎಂದು ಕೇಳಿದೆ. ಫೋನ್ ಕಟ್ಟಾಯಿತು. ಆಮೇಲೆ ತಿಳಿಯಿತು, ಅವಳ ಡಿಪಾಜಿಟ್ಟಿನಲ್ಲಿ ಒಂದು ಪೈಸೆಯನ್ನೂ ಅವರು ತಿರುಗಿ ಕೊಟ್ಟಿರಲಿಲ್ಲ. ಅವಳು ಈಗಲೂ ನಮ್ಮ ಹಿಂಬದಿಯಲ್ಲೇ ಇದ್ದಾಳೆ. ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ನಡುರಾತ್ರಿ ಮೈ ಬೆವತಾಗ ಮೊದಲು ಓಡಿ ಬಂದವಳು ಅವಳೇ.

ಆದ್ದರಿಂದ ಕೆಟ್ಟ ಮಾತು ಬಂದರೆ ಅದನ್ನು ಬಂದವರ ಎದುರೂ ಇಡಿ. "ಹೀಗಂತ ಕೇಳಿದೆ, ನೀವೇನು ಹೇಳ್ತೀರಿ?" ಎಂದು ಕೇಳಿದರೆ ಅವರಿಗೂ ಒಂದು ಅವಕಾಶ. ಗಂಡ-ಹೆಂಡತಿಯ ಜಗಳ, ಏನು ತಿನ್ನುತ್ತಾರೆ, ಯಾರು ಬಂದು ಹೋಗುತ್ತಾರೆ, ಇಂಥದನ್ನು ಹಿಂದಿನ ಮನೆಯವರ ಹತ್ತಿರ ಕೇಳಲೇಬೇಡಿ. ನಿಮ್ಮ ಮನೆಯಲ್ಲಿ ಮೀನು ಬೇಡವೆಂದಿದ್ದರೆ ಬಂದವರಿಗೇ ಮುಖಾಮುಖಿ ಹೇಳಿ, ಮುಗಿಯಿತು.

ಹಿಂದೆ ಬಾಡಿಗೆ ಮನೆಯಲ್ಲೇ ಇರದವರು ಬಂದರೆ? ಹೊಸ ಮದುವೆಯ ಜೋಡಿ, ಮೊದಲ ನೌಕರಿಯ ಹುಡುಗಿ, ಕಾಲೇಜಿನ ಮಕ್ಕಳು. ನೌಕರಿಯ ಕಡೆ ಕೇಳಬಹುದು, ಮಕ್ಕಳಾದರೆ ತಂದೆ-ತಾಯಿ ಒಮ್ಮೆ ಬಂದು ಹೋಗಲಿ. ಹಿಂದಿನ ಮನೆ ಇಲ್ಲವೆಂಬುದು ತಪ್ಪಲ್ಲ. ನಾವೂ ಒಂದು ಕಾಲದಲ್ಲಿ ಹಾಗೆಯೇ ಟ್ರಂಕು ಹಿಡಿದು ಇಳಿದವರು.

ಕಾಗದಪತ್ರದ ಮಾತು ಎರಡೇ ಸಾಲಿನಲ್ಲಿ ಮುಗಿಸಬೇಕೆಂದಿದ್ದೆ, ಸ್ವಲ್ಪ ಬೆಳೆಯುತ್ತದೆ. ಹಿಂದಿನ ಮನೆಯ ಕರಾರು ಪತ್ರ ಇದ್ದರೆ ತೋರಿಸಲು ಹೇಳಿ, ಫೋನಿನ ಮಾತಿಗೆ ಅದೇ ಸಾಕ್ಷಿ. ನಿಮ್ಮದನ್ನೂ ಬರೆಯಿಸಿ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಲೇಬೇಕು. ಅದಕ್ಕೇ ಊರೆಲ್ಲ 11 ತಿಂಗಳ ಕರಾರು. ತಿಂಗಳ ಬಾಡಿಗೆಯ ಮನೆಯನ್ನು ಬಿಡುವುದಕ್ಕೂ ಬಿಡಿಸುವುದಕ್ಕೂ, ಬೇರೆ ಕರಾರು ಇಲ್ಲದಿದ್ದರೆ, 15 ದಿನದ ನೋಟೀಸು ಕೊಡಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿದೆ. ಆದ್ದರಿಂದ "ನೋಟೀಸು ಕೊಟ್ಟು ಹೊರಟರೋ, ಹೇಳದೆ ಹೊರಟರೋ" ಎಂಬುದೂ ಕೇಳತಕ್ಕ ಪ್ರಶ್ನೆ. ಬಂದವರ ವಿವರ ಬರೆದು ಪೊಲೀಸ್ ಠಾಣೆಗೆ ಕೊಡುವುದು ಒಳ್ಳೆಯದು. ಆಧಾರ್ ನಕಲು ಕೇಳುವಾಗ ಕೊನೆಯ ನಾಲ್ಕೇ ಅಂಕೆ ಕಾಣುವ ಮುಚ್ಚಿದ ಆಧಾರ್ ಸಿಗುತ್ತದೆ, ಅದು ಸಾಕು. 2023ರಿಂದ ಗೃಹಜ್ಯೋತಿ ಬಂದ ಮೇಲೆ ಬಿಡಾರದವರೂ ತಮ್ಮ ಆಧಾರ್ ಅನ್ನು ಮನೆಯ ಆರ್.ಆರ್. ನಂಬರಿಗೆ ಜೋಡಿಸಿಕೊಳ್ಳುತ್ತಾರಲ್ಲ, ಮನೆ ಬಿಡುವಾಗ ಅದನ್ನು ಬಿಡಿಸಿ ಹೋದರಾ ಎಂದೂ ಹಿಂದಿನವರನ್ನು ಕೇಳಿ. ಬಿಡಿಸಿ ಹೋದವರು ಅಚ್ಚುಕಟ್ಟಿನ ಜನ.

"ಇಷ್ಟೆಲ್ಲ ಯಾಕೆ, ಡಿಪಾಜಿಟ್ಟೇ ಜಾಸ್ತಿ ತೆಗೆದುಕೊಂಡರಾಯಿತು" ಎನ್ನುವವರಿದ್ದಾರೆ. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಬೇಡ ಎನ್ನುತ್ತದೆ. ಅದು ಮಾದರಿಯೇ ಇರಲಿ, ಮಾತು ಸರಿಯಾಗಿಯೇ ಇದೆ. ಮೋಸಗಾರ ಎಷ್ಟು ಬೇಕಾದರೂ ಸಾಲ ಮಾಡಿ ತಂದು ಇಡುತ್ತಾನೆ, ಮರ್ಯಾದಸ್ಥ ಬಡವ ಹಿಂದಿರುಗಿ ಹೋಗುತ್ತಾನೆ.

ಇನ್ನು ನಿಮಗೇ ಒಂದು ದಿನ ಇಂಥ ಫೋನ್ ಬರುತ್ತದೆ, ಆಗ? "ಕೆಟ್ಟದ್ದು ಹೇಳಿದರೆ ನಮ್ಮ ಮೇಲೆ ಮಾನನಷ್ಟದ ಕೇಸು ಹಾಕಿದರೆ?" ಎಂದು ಬಹಳ ಜನ ಹೆದರುತ್ತಾರೆ. ಮಾನಹಾನಿಯ ಕಾನೂನು ಮೊದಲು 1860ರ ದಂಡಸಂಹಿತೆಯಲ್ಲಿತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಸದ್ಭಾವನೆಯಿಂದ, ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಹೇಳಿದ ಮಾತು ಮಾನಹಾನಿಯಲ್ಲ ಎಂದು ಅದರಲ್ಲಿಯೇ ಇದೆ. ಹಳೆಯ ಸಂಹಿತೆಯಲ್ಲಿ ಇದಕ್ಕೆ ಒಬ್ಬ ಅಂಗಡಿಕಾರನ ಉದಾಹರಣೆ ಕೊಟ್ಟಿದ್ದರು: ಇಂಥವನ ಪ್ರಾಮಾಣಿಕತೆಯ ಬಗ್ಗೆ ನನಗೆ ನಂಬಿಕೆಯಿಲ್ಲ, ರೊಕ್ಕ ಎಣಿಸದೆ ಸಾಮಾನು ಕೊಡಬೇಡ ಎಂದು ತನ್ನ ಗುಮಾಸ್ತನಿಗೆ ಹೇಳುವವನು. ನಮ್ಮ ಅಂಗಡಿಗಳಲ್ಲಿ ದಿನವೂ ನಡೆಯುವ ಮಾತೇ. ನೀವು ಕಂಡದ್ದನ್ನು ಕಂಡಷ್ಟೇ ಹೇಳಿ. "ಐದು ತಿಂಗಳ ಬಾಡಿಗೆ ಬಾಕಿ ಇದೆ" ಎನ್ನಿ, "ಕಳ್ಳ" ಎನ್ನಬೇಡಿ. ಬಾಕಿಯ ಲೆಕ್ಕ ಬರೆದಿಟ್ಟಿರಿ.

ಹೊನ್ನಾವರದ ಸೋದರಿ, ಆ ಸಂಸಾರ ಕೊಟ್ಟ ನಂಬರು ಕುಮಟೆಯದ್ದು ಅಂದಿರಿ. ಅದಕ್ಕೂ ಮೊದಲು ಅವರು ಎಲ್ಲಿದ್ದರು ಎಂಬುದು ನಿಮ್ಮ ಪತ್ರದಲ್ಲಿ ಇಲ್ಲ. ಅದನ್ನು ಮೊದಲು ಕೇಳಿಕೊಳ್ಳಿ. ಆಮೇಲೆ ಎರಡೂ ಮನೆಗೆ ಫೋನ್ ಮಾಡಿ, ಕೈಯಲ್ಲಿ ಒಂದು ಚೀಟಿ, ಪೆನ್ನು ಇರಲಿ. ಏನಾಯಿತೆಂದು ನನಗೂ ಬರೆಯಿರಿ. ಮಗಳಿಗೆ ಆಶೀರ್ವಾದ.

ಮುಂದಿನ ಸಂಚಿಕೆಗೆ ಹಲಸಿನ ಹಪ್ಪಳದ ಹದ ಕೇಳಿದವರು ನಾಲ್ವರಿದ್ದಾರೆ, ಈ ಸಲ ಕೊಡಲಾಗದ್ದಕ್ಕೆ ಅವರು ಬೇಸರಿಸಬಾರದು.